ಕೆರೆಯಿಂದ ಎದ್ದ ಮೇಲೆ ನಾಲ್ಕು ಹನಿ: ಈಜುವವರಿಗೆ ಕಿವಿನೋವು ಬಾರದ ಹಾಗೆ ಮನೆಯಲ್ಲೇ ಡ್ರಾಪ್ಸ್ ಮಾಡುವ ಬಗೆ

ಮೂರು ವರ್ಷದ ಹಿಂದೆ ಏಪ್ರಿಲ್ ರಜೆಗೆ ಅಕ್ಕನ ಮಗ ಸಕಲೇಶಪುರದ ಹತ್ತಿರದ ನಮ್ಮ ತೋಟಕ್ಕೆ ಬಂದಿದ್ದ. ಹನ್ನೊಂದು ವರ್ಷದ ಹುಡುಗ. ಹಗಲೆಲ್ಲ ಕೆರೆಯಲ್ಲೇ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆದು ಕೆರೆ ಅರ್ಧಕ್ಕೆ ಇಳಿದಿತ್ತು. ಉಳಿದ ನೀರು ಬೆಚ್ಚಗೆ, ಕೆಸರಿನ ಬಣ್ಣ. ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡು ಶುರು ಮಾಡಿದವನು ವಾರದೊಳಗೆ ಕ್ಯಾನು ಬಿಚ್ಚಿಟ್ಟು ಈಜಿದ. ನಮಗೆಲ್ಲ ಖುಷಿಯೋ ಖುಷಿ. ಅವನು ಬಲಗಿವಿಗೆ ಮತ್ತೆ ಮತ್ತೆ ಬೆರಳು ಹಾಕುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಬೆರಳು ಸಾಲದಾದಾಗ ಬೈಕಿನ ಕೀ ಹಾಕಿ ಕೆರೆದುಕೊಂಡಿದ್ದನಂತೆ.

ಎಂಟನೇ ದಿನ ರಾತ್ರಿ ಊಟಕ್ಕೆ ಕೂತವನು ಅಕ್ಕಿರೊಟ್ಟಿ ತುಂಡು ಬಾಯಲ್ಲಿಟ್ಟುಕೊಂಡು ಹಾಗೇ ಉಳಿದುಬಿಟ್ಟ. "ಜಗಿಯೋಕೆ ಆಗ್ತಿಲ್ಲ ಮಾವ, ಕಿವಿ ನೋಯುತ್ತೆ" ಅಂದ. ಕಣ್ಣಲ್ಲಿ ನೀರು. ಅಮ್ಮ ತಕ್ಷಣ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ, ಆರಿಸಿ, ಕಿವಿಗೆ ಬಿಟ್ಟರು. ನಾನೂ ಬೇಡ ಅನ್ನಲಿಲ್ಲ. ನಮಗೂ ಚಿಕ್ಕಂದಿನಲ್ಲಿ ಅದನ್ನೇ ಬಿಟ್ಟಿದ್ದರಲ್ವಾ? ಬೆಳಗಾಗುವಷ್ಟರಲ್ಲಿ ಕಿವಿಯ ತೂತೇ ಕಾಣದ ಹಾಗೆ ಊದಿಕೊಂಡಿತ್ತು. ಬಲಗಡೆ ತಲೆಯನ್ನು ದಿಂಬಿಗೆ ತಾಗಿಸಲೂ ಆಗುತ್ತಿರಲಿಲ್ಲ. ಹಾಸನಕ್ಕೆ ಕರೆದುಕೊಂಡು ಹೋದೆವು. ಇಎನ್‌ಟಿ ಡಾಕ್ಟರ್ ಸಣ್ಣ ಕೊಳವೆಯಿಂದ ಎಣ್ಣೆ, ಕೀವು ಎಲ್ಲ ಎಳೆದು ತೆಗೆದು, ಔಷಧಿಯಲ್ಲಿ ನೆನೆಸಿದ ಬತ್ತಿ ಇಟ್ಟರು. ಬತ್ತಿ ಒಳಗೆ ಹೋಗುವಾಗ ಆ ಹುಡುಗ ನನ್ನ ಮುಂಗೈ ಹಿಡಿದ ಹಿಡಿತ ಇನ್ನೂ ನೆನಪಿದೆ. ರಜೆಯ ಉಳಿದ ದಿನಗಳಲ್ಲಿ ಅವನು ಕೆರೆ ಏರಿ ಮೇಲೆ ಕೂತು ಬೇರೆಯವರು ಈಜುವುದನ್ನು ನೋಡಿದ.

ಇದು ಬಾರದ ಹಾಗೆ ತಡೆಯುವುದು ಬಹಳ ಸುಲಭ. ಎರಡು ವಸ್ತು, ಒಂದು ಡ್ರಾಪರ್ ಬಾಟಲಿ, ಐದು ನಿಮಿಷ ಸಾಕು. ಆದರೆ ಈ ಹನಿ ಯಾರಿಗೆ ಹಾಕಬಾರದು ಅನ್ನುವುದು ಅದನ್ನು ಮಾಡುವ ವಿಧಾನಕ್ಕಿಂತ ಮುಖ್ಯ. ಅದಕ್ಕೇ ಆ ಭಾಗವನ್ನು ಮೊದಲೇ ಇಟ್ಟಿದ್ದೇನೆ. ದಯವಿಟ್ಟು ಅದನ್ನು ಹಾರಿಸಿ ಮುಂದಕ್ಕೆ ಹೋಗಬೇಡಿ.

ಕಿವಿಯೊಳಗೆ ಆಗುವುದೇನು

ಕಿವಿಯ ತೂತಿನಿಂದ ತಮಟೆಯವರೆಗಿನ ದಾರಿ ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್. ನೇರವಾಗಿಲ್ಲ, ಸ್ವಲ್ಪ ಸೊಟ್ಟ. ಒಂದು ಕಡೆ ತಮಟೆ ಮುಚ್ಚಿದೆ. ಹಾಗಾಗಿ ಒಳಗೆ ಹೋದ ನೀರು ಅಲ್ಲೇ ನಿಲ್ಲುತ್ತದೆ. ನಮ್ಮ ಕಡೆ ಗುಗ್ಗೆ ಅನ್ನುತ್ತೇವಲ್ಲ, ಅದು ಕೊಳೆ ಅಲ್ಲ. ಅದರಲ್ಲಿ ಜಿಡ್ಡಿದೆ, ಸ್ವಲ್ಪ ಹುಳಿ ಗುಣವೂ ಇದೆ. ಜಿಡ್ಡು ನೀರನ್ನು ಚರ್ಮಕ್ಕೆ ಇಳಿಯಲು ಬಿಡುವುದಿಲ್ಲ. ಹುಳಿ ಇರುವ ಕಡೆ ರೋಗಾಣು ಬೆಳೆಯುವುದು ಕಷ್ಟ. ಗಂಟೆಗಟ್ಟಲೆ ನೀರಲ್ಲಿ ಮುಳುಗೇಳುತ್ತಿದ್ದರೆ ಈ ಲೇಪ ತೊಳೆದು ಹೋಗುತ್ತದೆ, ಚರ್ಮ ನೆನೆದು ಮೆತ್ತಗಾಗುತ್ತದೆ. ಬೆರಳು, ಕಡ್ಡಿ, ಪಿನ್ನು ತಾಗಿ ಸಣ್ಣ ಗೀರು ಬಿದ್ದರೆ ಮುಗಿಯಿತು. ಹೆಚ್ಚಿನ ಸಲ ಸೋಂಕು ತರುವುದು ಸ್ಯೂಡೋಮೋನಾಸ್, ಸ್ಟೆಫೈಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾಗಳು.

ಮಲೆನಾಡಿನ ತೇವದಲ್ಲಿ ಇನ್ನೊಂದು ಕಾಟ ಇದೆ, ಕಿವಿಯ ಬೂಷ್ಟು. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು ಬೂಷ್ಟು ಹಿಡಿಯುವ ಹಾಗೆ ಒದ್ದೆ ಕಿವಿಯೂ ಹಿಡಿಯುತ್ತದೆ. ಇದರಲ್ಲಿ ನೋವಿಗಿಂತ ತುರಿಕೆ ಜಾಸ್ತಿ. ಒಳಗೆ ಒದ್ದೆ ಪೇಪರಿನ ಮುದ್ದೆ ಹಾಗೆ ಬೂದು ಬಣ್ಣದ ಪದರ, ಅದರಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ.

ನಾವು ಮಾಡುವ ಹನಿಯಲ್ಲಿ ಸ್ಪಿರಿಟ್ ಮತ್ತು ವಿನೆಗರ್ ಎರಡೇ ಇರುವುದು. ಸ್ಪಿರಿಟ್ ಉಳಿದ ನೀರಿನೊಂದಿಗೆ ಬೆರೆತು ಬೇಗ ಆರಿ, ಕಿವಿ ಒಣಗಿಸುತ್ತದೆ. ತೊಳೆದು ಹೋದ ಹುಳಿಯನ್ನು ವಿನೆಗರ್ ವಾಪಸ್ ಕೊಡುತ್ತದೆ. ಬ್ಯಾಕ್ಟೀರಿಯಾಕ್ಕೂ ಬೂಷ್ಟಿಗೂ ಆ ಹುಳಿ ಆಗಿಬರುವುದಿಲ್ಲ.

ಯಾರಿಗೆ ಹಾಕಲೇಬಾರದು

ತಮಟೆಯಲ್ಲಿ ತೂತು ಇರುವವರಿಗೆ ಹಾಕಬಾರದು. ಸ್ಪಿರಿಟ್ ಆ ತೂತಿನಿಂದ ಒಳಕಿವಿಯ ಕಡೆಗೆ ಇಳಿದರೆ ವಿಪರೀತ ಉರಿ, ತಲೆಸುತ್ತು ಬರಬಹುದು. ಕಿವಿ ಕೇಳಿಸುವುದಕ್ಕೇ ಪೆಟ್ಟು ಬೀಳಬಹುದು. ತಮಟೆ ಸರಿ ಇದೆಯೋ ಇಲ್ಲವೋ ಅಂತ ಮನೆಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಗೊತ್ತಾಗುವುದಿಲ್ಲ. ಆದರೆ ಕೆಲವು ವಿಷಯ ಕೇಳಿ ತಿಳಿದುಕೊಳ್ಳಬಹುದು. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತಾ? ಕಿವಿಗೆ ಆಪರೇಷನ್ ಆಗಿದೆಯಾ, ಕೊಳವೆ ಇಟ್ಟಿದ್ದಾರಾ? ಕೆನ್ನೆಗೆ, ಕಿವಿಗೆ ಜೋರು ಏಟು ಬಿದ್ದಿತ್ತಾ? ಹತ್ತಿರದಲ್ಲೇ ಪಟಾಕಿ ಸಿಡಿದ ಮೇಲೆ ಕಿವಿ ಮಂದ ಆಗಿದೆಯಾ? ಮೂಗು ಸೀನಿದಾಗ ಕಿವಿಯಿಂದ ಗಾಳಿ ಹೊರಟ ಹಾಗೆ ಆಗುತ್ತಾ? ಒಂದಕ್ಕಾದರೂ ಹೌದು ಅಂತ ಬಂದರೆ ಇಎನ್‌ಟಿ ಡಾಕ್ಟರ್ ನೋಡಿ ತಮಟೆ ಚೆನ್ನಾಗಿದೆ ಅನ್ನುವ ತನಕ ಹನಿ ಬೇಡ. ನಮ್ಮ ಹಳ್ಳಿಗಳಲ್ಲಿ ಕಿವಿ ಸೋರಿದ ಮಕ್ಕಳು ಕಡಿಮೆಯೇನಿಲ್ಲ. "ಈಗ ನಿಂತಿದೆ" ಅಂದರೆ ತೂತು ಮುಚ್ಚಿದೆ ಅಂತ ಅರ್ಥ ಅಲ್ಲ.

ಈಗಾಗಲೇ ನೋವು, ಕೀವು, ಊತ ಇದ್ದರೂ ಬೇಡ. ಇದು ಬಾರದ ಹಾಗೆ ತಡೆಯುವ ಹನಿ, ಬಂದಿದ್ದನ್ನು ವಾಸಿ ಮಾಡುವ ಔಷಧಿ ಅಲ್ಲ. ಹುಣ್ಣಾದ ಚರ್ಮದ ಮೇಲೆ ಸ್ಪಿರಿಟ್ ಬಿದ್ದರೆ ಮಗು ಇನ್ನೊಮ್ಮೆ ಕಿವಿ ಮುಟ್ಟಲು ಬಿಡುವುದಿಲ್ಲ. ಕಿವಿಯಲ್ಲಿ ಇಸುಬು ಇರುವವರು, ಪುಟ್ಟ ಮಕ್ಕಳು, ಸಕ್ಕರೆ ಕಾಯಿಲೆ ಇರುವ ಹಿರಿಯರು ಡಾಕ್ಟರ್‌ನ ಕೇಳಿಯೇ ಶುರು ಮಾಡಬೇಕು. ಹಾಸನದ ಹಿಮ್ಸ್‌ನಲ್ಲಿ, ಚಿಕ್ಕಮಗಳೂರಿನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಇಎನ್‌ಟಿ ವಿಭಾಗ ಇದೆ. ರಜೆ ಶುರುವಾಗುವ ಮುಂಚೆ ಒಮ್ಮೆ ತೋರಿಸಿಕೊಂಡು ಬಂದರೆ ಬೇಸಿಗೆ ಇಡೀ ನಿಶ್ಚಿಂತೆ.

ಏನೇನು ತರಬೇಕು

ಬಿಳಿ ವಿನೆಗರ್. ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ನೀರಿನ ಹಾಗೆ ತಿಳಿಯಾಗಿರಬೇಕು. ಲೇಬಲ್ ಮೇಲೆ ಅಸಿಟಿಕ್ ಆಸಿಡ್ ಎಷ್ಟು ಅಂತ ನೋಡಿ, 4% ಅಥವಾ 5% ಇದ್ದರೆ ಸರಿ. ಗೋಬಿ ಮಂಚೂರಿಗೆ ಹಾಕುವ ಕಂದು ಬಣ್ಣದ್ದು ಬೇಡ. ಆಪಲ್ ಸೈಡರ್ ವಿನೆಗರ್‌ನಲ್ಲಿ ಗಷ್ಟು ಇರುತ್ತದೆ, ಅದೂ ಬೇಡ. ಪಕ್ಕದ ಕೊಡಗಿನ ಕಾಚಂಪುಳಿ ಅಡುಗೆಗೆ ಎಷ್ಟೇ ಚೆನ್ನಾಗಿದ್ದರೂ ಕಿವಿಗೆ ಅಲ್ಲ. ಗಟ್ಟಿ ಅಸಿಟಿಕ್ ಆಸಿಡ್ ಅಂತ ಬೇರೆಯೇ ಸಿಗುತ್ತದೆ, ಅದಕ್ಕೆ ಗ್ಲೇಷಿಯಲ್ ಅನ್ನುತ್ತಾರೆ. ಅದು ಚರ್ಮ ಸುಡುತ್ತದೆ. ನೀರು ಬೆರೆಸಿ ಸರಿ ಮಾಡಿಕೊಳ್ಳೋಣ ಅಂತಲೂ ಅದನ್ನು ಮುಟ್ಟಬೇಡಿ.

ಐಸೊಪ್ರೊಪೈಲ್ ಆಲ್ಕೋಹಾಲ್ 70%. ಮೆಡಿಕಲ್ ಶಾಪ್‌ನಲ್ಲಿ ಇದೇ ಹೆಸರು ಹೇಳಿ ಕೇಳಿ. ಸುಮ್ನೆ "ಸ್ಪಿರಿಟ್ ಕೊಡಿ" ಅಂದರೆ ಏನು ಬೇಕಾದರೂ ಕೈಗೆ ಬರಬಹುದು. ಸರ್ಜಿಕಲ್ ಸ್ಪಿರಿಟ್ ಅಂತ ಮಾರುವ ಬಾಟಲಿಗಳಲ್ಲಿ ಬೇರೆ ಬೇರೆ ವಸ್ತು ಸೇರಿರುತ್ತವೆ. ಲೇಬಲ್‌ನಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಬಿಟ್ಟುಬಿಡಿ. ಕೊರೊನಾ ಕಾಲದ ಸ್ಯಾನಿಟೈಸರ್ ಮನೆಯಲ್ಲಿ ಉಳಿದಿದ್ದರೆ ಅದು ಕಿವಿಗೆ ಬೇಡ. ಅದರಲ್ಲಿ ಗ್ಲಿಸರಿನ್, ಸೆಂಟು ಎಲ್ಲ ಇರುತ್ತದೆ. ಮರಕ್ಕೆ ಪಾಲಿಶ್ ಹಾಕುವ ಸ್ಪಿರಿಟ್ ವಿಷ. ಕುಡಿಯುವ ಬ್ರಾಂದಿ, ರಮ್ ಕೂಡ ಆಗುವುದಿಲ್ಲ. ಇದನ್ನು ಕೇಳಿದವರಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

30 ಎಂಎಲ್ ಹಿಡಿಯುವ ಹೊಸ ಡ್ರಾಪರ್ ಬಾಟಲಿ. ಹಳೇ ಕಣ್ಣಿನ ಡ್ರಾಪ್ಸ್ ಬಾಟಲಿ ತೊಳೆದು ಬಳಸುವ ಆಸೆ ಬಿಡಿ. ಕತ್ತಲಲ್ಲಿ ಅದನ್ನು ಯಾರಾದರೂ ಕಣ್ಣಿಗೆ ಹಾಕಿಕೊಂಡರೆ ಏನು ಗತಿ?

ಅಳೆಯುವುದಕ್ಕೆ ಕೆಮ್ಮಿನ ಸಿರಪ್ ಜೊತೆ ಬರುವ ಪುಟ್ಟ ಮುಚ್ಚಳ ಸಾಕು. ಅದರ ಮೇಲೆ 5, 10 ಅಂತ ಗೆರೆ ಇರುತ್ತದೆ.

ಮಾಡುವ ಕ್ರಮ

ಮೊದಲು ಜಾಗ. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ. ಅಡುಗೆ ಒಲೆ, ದೇವರ ದೀಪ, ಬಚ್ಚಲುಮನೆಯ ಹಂಡೆ ಒಲೆ ಯಾವುದೂ ಹತ್ತಿರ ಇರಬಾರದು. ನಾನು ಜಗಲಿ ಮೇಲೆ, ಗಾಳಿ ಆಡುವ ಕಡೆ ಮಾಡುತ್ತೇನೆ.

ಬಾಟಲಿ ಗಾಜಿನದಾದರೆ ಸೋಪು ಹಾಕಿ ತೊಳೆದು, ಕಾದ ನೀರಲ್ಲಿ ಅದ್ದಿ ತೆಗೆದು, ಬಿಳಿ ಬಟ್ಟೆ ಮೇಲೆ ಬೋರಲು ಹಾಕಿ. ಪೂರ್ತಿ ಒಣಗಬೇಕು. ಅಳತೆ ಮುಚ್ಚಳವನ್ನೂ ಹಾಗೇ ತೊಳೆದಿಡಿ, ಸಿರಪ್ಪಿನ ಅಂಟು ಉಳಿದಿರಬಾರದು. ಕೈ ತೊಳೆದುಕೊಂಡು, 15 ಎಂಎಲ್ ವಿನೆಗರ್ ಅಳೆದು ಬಾಟಲಿಗೆ ಹಾಕಿ. ಅಷ್ಟೇ ಅಳತೆ, ಇನ್ನೊಂದು 15 ಎಂಎಲ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ. ಮುಚ್ಚಿ ನಿಧಾನಕ್ಕೆ ಅಲ್ಲಾಡಿಸಿ. ಬೆರೆತ ಮೇಲೂ ತಿಳಿಯಾಗೇ ಇರಬೇಕು. ಇದಕ್ಕೆ ಅರಿಶಿನ, ತುಳಸಿ ರಸ, ಬೇವಿನೆಣ್ಣೆ, ಹೈಡ್ರೋಜನ್ ಪೆರಾಕ್ಸೈಡ್ ಏನನ್ನೂ ಸೇರಿಸಬೇಡಿ.

ಸಮ ಸಮ ಅಳತೆಗೆ ಕಾರಣ ಇದೆ. 4% ವಿನೆಗರ್‌ಗೆ ಅಷ್ಟೇ ಸ್ಪಿರಿಟ್ ಸೇರಿದರೆ ಹುಳಿ 2%ಕ್ಕೆ ಇಳಿಯುತ್ತದೆ. ಡಾಕ್ಟರ್‌ಗಳು ಬರೆದುಕೊಡುವ ಅಸಿಟಿಕ್ ಆಸಿಡ್ ಕಿವಿ ಹನಿಯ ಪ್ರಮಾಣವೂ ಅದೇ. ಜಾಸ್ತಿ ಹುಳಿ ಇದ್ದರೆ ಜಾಸ್ತಿ ಕೆಲಸ ಮಾಡುತ್ತದೆ ಅಂದುಕೊಂಡು ಅಳತೆ ಏರಿಸಬೇಡಿ.

ಬಾಟಲಿಗೆ ಬಿಳಿ ಟೇಪ್ ಸುತ್ತಿ ಪೆನ್ನಿನಲ್ಲಿ ದಪ್ಪಗೆ "ಕಿವಿಗೆ ಮಾತ್ರ" ಅಂತ ಬರೆಯಿರಿ, ಕೆಳಗೆ ಮಾಡಿದ ತಾರೀಖು. ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಬಿಸಿಲು ಬೀಳದ ಕಡೆ ಇಡಿ. ಒಂದು ಎಂಎಲ್‌ಗೆ ಸುಮಾರು ಇಪ್ಪತ್ತು ಹನಿ. ಎರಡು ಕಿವಿಗೂ ಸೇರಿ ಹತ್ತು ಹನಿ ಅಂದರೂ 30 ಎಂಎಲ್ ಅರವತ್ತು ಸಲಕ್ಕೆ ಬರುತ್ತದೆ. ಹಾಗಾಗಿ ದೊಡ್ಡ ಬಾಟಲಿ ಮಾಡುವ ಅಗತ್ಯವೇ ಇಲ್ಲ. ನಾನು ತಿಂಗಳಾದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡುತ್ತೇನೆ. ಮಸುಕಾದರೆ, ತಳದಲ್ಲಿ ಏನಾದರೂ ಕೂತರೆ ಅವತ್ತೇ ಚೆಲ್ಲುತ್ತೇನೆ.

ಹಾಕುವ ಮುಂಚೆ: ನೀರು ಇಳಿಸಿ, ಕಿವಿ ಒತ್ತಿ ನೋಡಿ

ನಾವು ಹುಡುಗರಾಗಿದ್ದಾಗ ಬಿಸಿಲಿಗೆ ಕಾದ ಕಲ್ಲೊಂದನ್ನು ಕಿವಿಗೆ ಒತ್ತಿಕೊಂಡು ಒಂಟಿ ಕಾಲಲ್ಲಿ ಕುಣಿಯುತ್ತಿದ್ದೆವು. ಕಿವಿಯಿಂದ ಬೆಚ್ಚನೆ ನೀರು ಸರ್ರನೆ ಇಳಿದಾಗ ಆಗುತ್ತಿದ್ದ ಸಮಾಧಾನವೇ ಬೇರೆ. ನಿಜವಾಗಿ ಕೆಲಸ ಮಾಡುತ್ತಿದ್ದುದು ತಲೆ ವಾಲಿಸಿದ್ದು. ಅಷ್ಟು ಮಾಡಿದರೆ ಸಾಕು. ತಲೆಯನ್ನು ಒಂದು ಪಕ್ಕಕ್ಕೆ ಪೂರ್ತಿ ವಾಲಿಸಿ, ಕಿವಿಯನ್ನು ಹಿಂದಕ್ಕೆ ಮೇಲಕ್ಕೆ ಮೆಲ್ಲಗೆ ಎಳೆಯಿರಿ. ಸೊಟ್ಟ ದಾರಿ ನೇರವಾಗಿ ನೀರು ತಾನಾಗೇ ಇಳಿಯುತ್ತದೆ. ಆಮೇಲೆ ಇನ್ನೊಂದು ಪಕ್ಕ. ಹೊರಗಿವಿಯನ್ನು ಟವೆಲಿನಿಂದ ಒರೆಸಿ. ಟವೆಲಿನ ತುದಿಯನ್ನು ಹುರಿ ಮಾಡಿ ಒಳಗೆ ತುರುಕುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ, ಅದನ್ನು ಬಿಡಿ. ಹೇರ್ ಡ್ರೈಯರ್ ಇದ್ದರೆ ಅತಿ ಕಡಿಮೆ ಬಿಸಿಗೆ ಇಟ್ಟು, ಒಂದು ಅಡಿ ದೂರದಿಂದ ಅತ್ತಿತ್ತ ಆಡಿಸುತ್ತಾ ಅರ್ಧ ನಿಮಿಷ ಹಿಡಿಯಿರಿ.

ಈಗ ಒಂದು ಪರೀಕ್ಷೆ. ಕಿವಿ ತೂತಿನ ಮುಂದೆ, ಕೆನ್ನೆ ಕಡೆ, ಪುಟ್ಟ ಮೆತ್ತನೆ ಉಬ್ಬು ಇದೆಯಲ್ಲ, ಅದನ್ನು ಬೆರಳಿನಿಂದ ಒತ್ತಿ. ಕಿವಿಯನ್ನು ಹಿಡಿದು ಸ್ವಲ್ಪ ಎಳೆಯಿರಿ. ನೋವಾದರೆ ಸೋಂಕು ಶುರುವಾಗಿದೆ ಅಂತಲೇ ತಿಳಿದುಕೊಳ್ಳಿ. ಅವತ್ತು ಹನಿ ಹಾಕಬೇಡಿ, ಡಾಕ್ಟರ್‌ಗೆ ತೋರಿಸಿ. ಎರಡೇ ಸೆಕೆಂಡಿನ ಕೆಲಸ. ಅಕ್ಕನ ಮಗನಿಗೆ ನಾಲ್ಕನೇ ದಿನ ಇಷ್ಟು ಮಾಡಿದ್ದರೆ ಎಂಟನೇ ದಿನದ ಆ ರಾತ್ರಿ ಬರುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹಾಕುವ ಕ್ರಮ

ಬಾಟಲಿಯನ್ನು ಎರಡು ನಿಮಿಷ ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ತಣ್ಣನೆ ಹನಿ ಒಳಗೆ ಬಿದ್ದರೆ ತಲೆ ಗಿರ್ ಅನ್ನುತ್ತದೆ, ಮಕ್ಕಳು ಹೆದರುತ್ತಾರೆ. ಒಲೆ ಮೇಲಿಟ್ಟು, ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡುವುದು ಬೇಡ. ಮೈ ಬಿಸಿಯೇ ಸಾಕು.

ಮಗುವನ್ನು ಪಕ್ಕಕ್ಕೆ ಮಲಗಿಸಿ, ಕಿವಿ ಮೇಲೆ ಬರಲಿ. ಕಿವಿಯನ್ನು ಹಿಂದಕ್ಕೆ ಮೇಲಕ್ಕೆ ಎಳೆದು ಹಿಡಿದು ನಾಲ್ಕೈದು ಹನಿ ಬಿಡಿ. ನೇರ ಮಧ್ಯಕ್ಕೆ ಬಿಡುವುದಕ್ಕಿಂತ ಗೋಡೆಗೆ ತಾಗಿ ಇಳಿಯುವ ಹಾಗೆ ಬಿಟ್ಟರೆ ಒಳಗಿನ ಗಾಳಿಗೆ ಹೊರಬರಲು ಜಾಗ ಸಿಗುತ್ತದೆ. ಡ್ರಾಪರ್ ತುದಿ ಕಿವಿಗೆ ತಾಗಬಾರದು. ತಾಗಿದರೆ ಒರೆಸಿ ವಾಪಸ್ ಹಾಕಬೇಡಿ, ತೊಳೆದು ಒಣಗಿಸಿಯೇ ಹಾಕಿ. ಆಗ ಒತ್ತಿ ನೋಡಿದ ಉಬ್ಬನ್ನೇ ಮೂರು ನಾಲ್ಕು ಸಲ ಮೆಲ್ಲಗೆ ಒತ್ತಿ ಬಿಡಿ, ಹನಿ ಒಳಗಿಳಿಯುತ್ತದೆ. ಅರ್ಧ ನಿಮಿಷ, ಒಂದು ನಿಮಿಷ ಹಾಗೇ ಇರಲಿ. ಮಗ್ಗುಲು ಬದಲಿಸಿ ಟವೆಲ್ ಮೇಲೆ ಸುರಿದು ಹೋಗಲು ಬಿಡಿ. ಇನ್ನೊಂದು ಕಿವಿಗೂ ಹೀಗೇ.

ತಣ್ಣಗೆ ಅನ್ನಿಸುವುದು, ಕ್ಷಣಕಾಲ ಚುರುಕ್ ಅನ್ನುವುದು ಸಹಜ. ಉರಿ ನಿಲ್ಲದಿದ್ದರೆ, ನೋವು ಬಂದರೆ, ತಲೆಸುತ್ತು ಉಳಿದರೆ, ಗಂಟಲಲ್ಲಿ ಹುಳಿ ರುಚಿ ಬಂದರೆ ತಕ್ಷಣ ನಿಲ್ಲಿಸಿ. ಗಂಟಲಿಗೆ ಇಳಿಯಿತು ಅಂದರೆ ತಮಟೆಯಲ್ಲಿ ತೂತಿದೆ. ಕಣ್ಣಿಗೆ ಬಿದ್ದರೆ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಈಜಿದ ದಿನ ಮಾತ್ರ, ನೀರಿನ ಆಟ ಪೂರ್ತಿ ಮುಗಿದ ಮೇಲೆ ಹಾಕಿ. ಈಜದ ದಿನವೂ ಹಾಕುತ್ತಾ ಹೋದರೆ ಚರ್ಮ ಒಣಗಿ ಬಿರಿದು ತುರಿಕೆ ಶುರುವಾಗುತ್ತದೆ. ತುರಿಕೆ ಅಂದರೆ ಮತ್ತೆ ಬೆರಳು, ಮತ್ತೆ ಕೀ.

ನೀರು, ಎಣ್ಣೆ, ಕಡ್ಡಿ

ಹೇಮಾವತಿಯ ಹರಿಯುವ ನೀರಿಗೂ ಏಪ್ರಿಲ್‌ನಲ್ಲಿ ಅರ್ಧ ಬತ್ತಿ ನಿಂತ ತೋಟದ ಕೆರೆಗೂ ವ್ಯತ್ಯಾಸ ಇದೆ. ನಿಂತ ಬೆಚ್ಚನೆ ನೀರಲ್ಲಿ ರೋಗಾಣು ಜಾಸ್ತಿ. ದನ ತೊಳೆಯುವ ಕಟ್ಟೆ, ಪಾಚಿ ಕಟ್ಟಿದ ಮೂಲೆ ಬಿಡಿ. ಗೊರೂರಿನ ಹಿನ್ನೀರು, ಬೇಲೂರಿನ ಯಗಚಿ ಕಡೆ ಹೋದಾಗ ನಮ್ಮ ಬ್ಯಾಗಿನಲ್ಲಿ ಟವೆಲ್ ಜೊತೆ ಈ ಪುಟ್ಟ ಬಾಟಲಿಯೂ ಇರುತ್ತದೆ. ಕಲ್ಲತ್ತಗಿರಿ, ಹೆಬ್ಬೆ ಕಡೆ ಜಲಪಾತದ ಕೆಳಗೆ ನಿಂತರೂ ಕಿವಿಗೆ ನೀರು ಹೋಗುತ್ತದೆ, ಅಲ್ಲೂ ಇದೇ ಕ್ರಮ. ಊರಿನ ಈಜುಕೊಳಕ್ಕೆ ಹೋಗುವವರು ಕ್ಲೋರಿನ್ ಎಷ್ಟಿದೆ, ದಿನಾ ನೋಡುತ್ತಾರಾ ಅಂತ ಅಲ್ಲಿಯವರನ್ನು ಕೇಳಿ. ಮೂಗಿಗೆ ಹೊಡೆಯುವ ವಾಸನೆ ಇದೆ ಅಂದರೆ ನೀರು ಚೊಕ್ಕ ಅಂತ ಅಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗಲೇ ಆ ಘಾಟು ಬರುವುದು.

ಎಣ್ಣೆಸ್ನಾನದ ದಿನ ಕಿವಿಗೂ ಎರಡು ತೊಟ್ಟು ಬಿಡುವುದು ನಮ್ಮ ಮನೆಯ ಪದ್ಧತಿ ಆಗಿತ್ತು. ಡಾಕ್ಟರ್ ಹೇಳಿದ ಮೇಲೆ ನಿಲ್ಲಿಸಿದೆವು. ಅಮ್ಮನಿಗೆ ಒಪ್ಪಿಸುವುದು ಸುಲಭ ಇರಲಿಲ್ಲ. "ನಿಮ್ಮನ್ನೆಲ್ಲ ಹಾಗೇ ಸಾಕಿದ್ದಲ್ವಾ" ಅಂದರು. ಹೌದು, ಪ್ರೀತಿಯಿಂದಲೇ ಸಾಕಿದ್ದರು. ಆದರೆ ಕಿವಿಗೆ ಬಿಟ್ಟ ಎಣ್ಣೆ ಧೂಳನ್ನೂ ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಈಗ ಅವರೇ ತಲೆಗೆ ಮಾತ್ರ ತಿಕ್ಕುತ್ತಾರೆ.

ಬಡ್ಸ್, ಬೆಂಕಿಕಡ್ಡಿ, ಹೇರ್‌ಪಿನ್ ಇವಕ್ಕೆ ಕಿವಿಯೊಳಗೆ ಕೆಲಸವಿಲ್ಲ. ಗುಗ್ಗೆ ತಾನಾಗೇ ಹೊರಗೆ ಬರುತ್ತದೆ. ಬಾರದೆ ಗಟ್ಟಿಯಾಗಿ ಕಿವಿ ಕಟ್ಟಿಕೊಂಡರೆ ಡಾಕ್ಟರ್ ತೆಗೆಯಲಿ. ಬಸ್ ಸ್ಟ್ಯಾಂಡಿನಲ್ಲಿ ಕಡ್ಡಿ ಹಿಡಿದು ಕಿವಿ ಕ್ಲೀನ್ ಮಾಡಲು ಬರುವವರ ಹತ್ತಿರ ಕೂರಬೇಡಿ.

ಡಾಕ್ಟರ್ ಹತ್ತಿರ ಯಾವಾಗ

ಕಿವಿ ಎಳೆದರೆ ನೋವು, ಜಗಿದರೆ ನೋವು, ಕೀವು, ಕೇಳಿಸುವುದು ಮಂದ ಆಗುವುದು, ಇವುಗಳಲ್ಲಿ ಒಂದು ಕಂಡರೂ ಹೋಗಿ. ಜ್ವರ, ಕಿವಿ ಹಿಂದೆ ಕೆಂಪಗೆ ಊತ, ಮುಖ ಒಂದು ಕಡೆ ವಾಲುವುದು, ನಿಲ್ಲದ ತಲೆಸುತ್ತು ಇದ್ದರೆ ನಾಳೆ ಅನ್ನಬೇಡಿ, ಅವತ್ತೇ ಹೋಗಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ ಈ ಸೋಂಕು ಎಲುಬಿಗೆ ಇಳಿಯಬಹುದು. ರಾತ್ರಿ ನಿದ್ದೆಗೆಡಿಸುವ ಕಿವಿನೋವು ಅವರಿಗೆ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಹಿಂದಿನ ಸಲದ ಡ್ರಾಪ್ಸ್ ಕಪಾಟಿನಲ್ಲಿ ಉಳಿದಿದೆ ಅಂತ ಅದನ್ನೇ ಹಾಕಬೇಡಿ. ಬ್ಯಾಕ್ಟೀರಿಯಾಕ್ಕೆ ಕೊಡುವ ಹನಿಯೇ ಬೇರೆ, ಬೂಷ್ಟಿಗೆ ಕೊಡುವುದೇ ಬೇರೆ.

ಚಿಕಿತ್ಸೆ ಶುರುವಾದ ಮೇಲೆ ವಾರ, ಹತ್ತು ದಿನ ಕಿವಿ ಒಣಗಿರಬೇಕು. ತಲೆಸ್ನಾನ ಮಾಡಿಸುವಾಗ ಹತ್ತಿಯುಂಡೆಗೆ ವ್ಯಾಸಲೀನ್ ಸವರಿ ಹೊರಗಿವಿಯಲ್ಲಿ ಇಟ್ಟು, ಸ್ನಾನ ಆದ ತಕ್ಷಣ ತೆಗೆಯಿರಿ.

ಈ ಏಪ್ರಿಲ್‌ನಲ್ಲೂ ಅಕ್ಕನ ಮಗ ಬಂದಿದ್ದ. ಈಗ ಹದಿನಾಲ್ಕು ವರ್ಷ. ಡಾಕ್ಟರ್ ಅವನ ತಮಟೆ ನೋಡಿ ಚೆನ್ನಾಗಿದೆ ಅಂದಿದ್ದಾರೆ. ಸಂಜೆ ಕೆರೆಯಿಂದ ಎದ್ದು ಬಂದವನು ತಲೆ ವಾಲಿಸಿ ನೀರು ಇಳಿಸಿ, ಕಿವಿ ಒತ್ತಿ ನೋಡಿಕೊಂಡು, ಬಾಟಲಿ ಮುಷ್ಟಿಯಲ್ಲಿ ಹಿಡಿದು ಜಗಲಿ ಮೇಲೆ ಮಲಗುತ್ತಾನೆ. "ಅಜ್ಜಿ, ಬನ್ನಿ, ನಾಲ್ಕು ಹನಿ ಹಾಕಿ" ಅಂತ ಕರೆಯುತ್ತಾನೆ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬರುತ್ತಾರೆ.